ಮೊದಲನೇ ಶಾಲು

ಕುರ್ಚಿಯ ಬೆನ್ನಿಗೆ ನೇತುಹಾಕಿರುವ ಪ್ಲಾಸ್ಟಿಕ್ ಕವರನ್ನು ನಿನ್ನೆಯಿಂದ ನೋಡುತ್ತಲೇ ಇದ್ದೇನೆ. ಒಳಗೊಂದು ಶಾಲು ಇದೆ. ನಿನ್ನೆ ಮೂಡಿಗೆರೆಯಲ್ಲಿ ನನಗೆ ಸನ್ಮಾನ ಮಾಡಿ ಹೊದೆಸಿದ್ದು. ಬೆಳಿಗ್ಗೆ ಕವರ್ ಬಿಚ್ಚಿದರೆ ಮೊದಲು ಗಂಜಿಯ ವಾಸನೆ, ಅದರ ಹಿಂದೆಯೇ ನುಸಿಗುಳಿಗೆಯ ಘಾಟು. ಬಿಚ್ಚಿದಷ್ಟೇ ಬೇಗ ಮುಚ್ಚಿಬಿಟ್ಟೆ. ಅಂಚಿಗೆ ಚಿನ್ನದ ಬಣ್ಣ, ನಡುವೆ ಸೊಳ್ಳೆಪರದೆಯಂಥ ಬಟ್ಟೆ. ಹೊದ್ದರೆ ಚಳಿ ನಿಲ್ಲುವುದಿಲ್ಲ, ಹಾಸಿದರೆ ಮೈಗೆ ಚುಚ್ಚುತ್ತದೆ, ದೇವರ ಮನೆಯ ಬಾಗಿಲಿಗೆ ಕಟ್ಟೋಣವೆಂದರೆ ದೇವರಿಗೂ ಒಂದು ಮರ್ಯಾದೆ ಬೇಡವೇ? ಇಂಥ ಶಾಲುಗಳು ಈಗ ಹೆಗಲಿಂದ ಹೆಗಲಿಗೆ ಊರೂರು ತಿರುಗುತ್ತಿವೆ. ಒಬ್ಬರ ಸನ್ಮಾನದ್ದು ಇನ್ನೊಬ್ಬರ ಗೃಹಪ್ರವೇಶಕ್ಕೆ, ಅಲ್ಲಿಂದ ಮತ್ತೊಬ್ಬರ ನಿವೃತ್ತಿಗೆ... ಯಾರೂ ಹೊದೆಯುವುದಿಲ್ಲ, ಯಾರೂ ಬಿಸಾಡುವುದೂ ಇಲ್ಲ.

ನುಸಿಗುಳಿಗೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಅಂಗಡಿ ಅಣ್ಣ ನೆನಪಾದರು. ಅವರಿದ್ದಿದ್ದರೆ ಈ ಶಾಲಿನ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒಮ್ಮೆ ಉಜ್ಜಿ, ಏನೂ ಹೇಳದೆ ಕೆಳಗಿಡುತ್ತಿದ್ದರು. ಏನೂ ಹೇಳದಿರುವುದೇ ಅವರ ಬೈಗುಳ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ಇಳಿಜಾರಿನಲ್ಲಿ ಅವರದೊಂದು ಜವಳಿ ಅಂಗಡಿ ಇತ್ತು. ಹಿರಿಯರು ಕಳಸದ ಕಡೆಯಿಂದ ವ್ಯಾಪಾರಕ್ಕೆ ಬಂದು ನಿಂತವರು. ಹಣೆಯ ಮೇಲೆ ವಿಭೂತಿ, ಅರ್ಧ ತೋಳಿನ ಬಿಳಿ ಅಂಗಿ, ಮಳೆಯಿರಲಿ ಬಿಡಲಿ ಕಂಕುಳಲ್ಲೊಂದು ಕೊಡೆ. ನಮ್ಮ ನಾಟಕ ತಂಡಕ್ಕೆ ಅವರೇ ಕಾರ್ಯದರ್ಶಿ. ತಂಡ ಅಂದರೆ ದೊಡ್ಡದೇನಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವಳು, ಜೊತೆಗೊಬ್ಬ ಪೋಸ್ಟ್‌ಮ್ಯಾನ್, ತೋಟದ ಲೆಕ್ಕ ಬರೆಯುವ ಒಬ್ಬ ಎಸ್ಟೇಟ್ ರೈಟರ್, ಲಾರಿ ಓಡಿಸುವವನೊಬ್ಬ, ಹೀಗೇ ಕೈಗೆ ಸಿಕ್ಕವರು. ಅಣ್ಣನಿಗೆ ನಟನೆಯ ಗಂಧಗಾಳಿ ಇರಲಿಲ್ಲ. ಒಂದು ಸಲ ಬಾಗಿಲು ಕಾಯುವ ಜವಾನನ ಪಾತ್ರ ಕೊಟ್ಟೆವು. ಪರದೆ ಎದ್ದ ಕೂಡಲೆ ಮುಂದಿನ ಸಾಲಿನವರಿಗೆ ಕೈಮುಗಿದು, "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದುಬಿಟ್ಟರು. ಆಮೇಲೆ ಯಾರೂ ಅವರನ್ನು ಸ್ಟೇಜ್ ಹತ್ತಿಸಲಿಲ್ಲ. ಅವರ ಕೆಲಸ ಬೇರೆಯೇ ಇತ್ತು. ನಾವು ನಾಟಕ ಆಡುವವರು, ಅದು ನಡೆಯುವ ಹಾಗೆ ನೋಡಿಕೊಳ್ಳುವವರು ಅವರು.

ನಮ್ಮ ಕಡೆ ನಾಟಕಕ್ಕೆ ಚಂದಾ ಎತ್ತುವ ರೀತಿ ಬಯಲುಸೀಮೆಯ ಹಾಗಲ್ಲ. ರಸೀದಿ ಪುಸ್ತಕ ಹಿಡಿದು ಮನೆಮನೆ ತಿರುಗಿದರೆ ಎಸ್ಟೇಟಿನ ನಾಯಿಗಳೇ ಓಡಿಸುತ್ತವೆ. ಇಲ್ಲಿ ಮೂಟೆಯ ಪದ್ಧತಿ. ಕಾಫಿ ಕೊಯ್ಲಾಗಿ, ಕಣದಲ್ಲಿ ಒಣಗಿ, ಚೀಲಕ್ಕೆ ತುಂಬುವಾಗ ಒಂದು ಮೂಟೆಯನ್ನು ಪಕ್ಕಕ್ಕಿಡುತ್ತಿದ್ದರು. ಅದಕ್ಕೆ ನಾಟಕದ ಮೂಟೆ ಎಂದೇ ಹೆಸರು. ದೊಡ್ಡ ಎಸ್ಟೇಟಿನವರಿಂದ ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ, ಸಣ್ಣವರಿಂದ ಸಿಪ್ಪೆಸಮೇತ ಒಣಗಿಸಿದ ಚೆರ್ರಿ. ಅಣ್ಣ ಜೀಪು ಮಾಡಿಕೊಂಡು ಹೋಗಿ ಮೂಟೆಗಳನ್ನು ತಂದು ವ್ಯಾಪಾರಿಗೆ ಹಾಕುತ್ತಿದ್ದರು. ಆ ದುಡ್ಡಿನಲ್ಲಿ ಕೊಯ್ಲು ಮುಗಿದ ಮೇಲೆ, ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬೀಳುವ ಮುಂಚೆ, ನಮ್ಮ ನಾಟಕ.

ಮೂಟೆ ತಾನಾಗಿ ಪಕ್ಕಕ್ಕೆ ಬೀಳುವುದಿಲ್ಲವಲ್ಲ, ಅದಕ್ಕೆ ವರ್ಷವಿಡೀ ಓಡಾಟ ಬೇಕು. ರಜೆಯಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಹೆಂಗಸೊಬ್ಬಳು ಜೊತೆಗಿದ್ದರೆ ಅಡುಗೆಮನೆಯವರೆಗೂ ದಾರಿ ಬಿಡುತ್ತದೆ, ಮೂಟೆಯ ತೀರ್ಮಾನ ಆಗುವುದು ಕಣದಲ್ಲಲ್ಲ, ಅಡುಗೆಮನೆಯಲ್ಲಿ, ಎನ್ನುವುದು ಅಣ್ಣನ ಲೆಕ್ಕ. ಜಗಲಿಯ ಮೇಲೆ ಕೂತು ಅವರು ಮಳೆ ಎಷ್ಟು ಇಂಚು ಬಂತು ಎಂದು ಕೇಳುತ್ತಿದ್ದರು. ಹೋದ ವರ್ಷ ಆ ಎಸ್ಟೇಟಿಗೆ ಎಷ್ಟು ಬಂದಿತ್ತೆಂಬುದು ಯಜಮಾನರಿಗೆ ಮರೆತರೂ ಅಣ್ಣನಿಗೆ ನೆನಪಿರುತ್ತಿತ್ತು. ಅಜ್ಜಿಯ ಮಂಡಿನೋವು, ನಾಯಿಯ ಗಾಯ, ಹೊಸ ಸೊಸೆಗೆ ಈ ಚಳಿ ಒಗ್ಗಿತೋ ಇಲ್ಲವೋ, ಎಲ್ಲ ವಿಚಾರಿಸಿ, ಕಾಫಿ ಕುಡಿದು, ಕೊಡೆ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಒಂದೇ ಮಾತು.

"ಈ ಸಲ ನಾಟಕ ಉಂಟು."

ಅಷ್ಟೇ. ಕೊಡಿ ಎಂಬ ಶಬ್ದ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ನಾನು ರೇಗಿ, ಇಷ್ಟು ದೂರ ಜೀಪಿನಲ್ಲಿ ಕುಲುಕಾಡಿಕೊಂಡು ಬಂದು ಬಾಯಿಬಿಟ್ಟು ಕೇಳದೆ ಹೋಗುವುದೆಂದರೆ ಏನರ್ಥ ಎಂದೆ. "ಕೇಳಿದ್ರೆ ಭಿಕ್ಷೆ ಆಗ್ತದೆ ಟೀಚರ್. ನೆನಪು ಮಾಡಿದ್ರೆ ನೆಂಟಸ್ತನ" ಎಂದರು. ನಾನು ನಕ್ಕೆ. ನಗುವುದಕ್ಕೇನು, ಆಗ ಮೂಟೆಗಳು ಬರುತ್ತಿದ್ದವು.

ಕೊಟ್ಟವರಿಗೆ ನಾವು ಕೊಡುವುದೇನು? ಶಾಲು. ನಾಟಕ ಶುರುವಾಗುವ ಮುಂಚೆ ಹಿತ್ತಾಳೆ ತಟ್ಟೆಯಲ್ಲಿ ಶಾಲುಗಳನ್ನಿಟ್ಟುಕೊಂಡು ಮೂಟೆ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಸ್ಟೇಜಿಗೆ ಕರೆದು ಹೊದೆಸುವುದು. ಶಾಲುಗಳೆಲ್ಲ ಅಣ್ಣನ ಅಂಗಡಿಯವು, ಅದಕ್ಕೆ ಅವರು ತಂಡದಿಂದ ಬಿಡಿಗಾಸು ತೆಗೆದುಕೊಳ್ಳುತ್ತಿರಲಿಲ್ಲ. ಒಳ್ಳೆಯ ದಪ್ಪನೆಯ ಉಣ್ಣೆಯ ಶಾಲುಗಳು. "ಸನ್ಮಾನ ಮುಗಿದ ಮೇಲೂ ಮೈಗೆ ಚಳಿ ಆಗ್ತದಲ್ಲ" ಎನ್ನುತ್ತಿದ್ದರು. ಯಾರ ನಂತರ ಯಾರು ಎನ್ನುವುದು ಬಲು ಸೂಕ್ಷ್ಮದ ವಿಷಯ. ಊಟದ ಪಂಕ್ತಿಯಲ್ಲಿ ಎಲೆ ತಪ್ಪಿದರೆ ಒಂದು ದಿನ ಮುನಿಸಿಕೊಳ್ಳುವವರು, ಶಾಲಿನ ಸರದಿ ತಪ್ಪಿದರೆ ಒಂದು ತಲೆಮಾರು ಮುನಿಸಿಕೊಳ್ಳುತ್ತಾರೆ. ಆದರೆ ಮೊದಲನೇ ಶಾಲಿನ ಬಗ್ಗೆ ತಕರಾರೇ ಇರಲಿಲ್ಲ. ಅದು ನಮ್ಮ ಕಡೆಯ ಎಲ್ಲಕ್ಕಿಂತ ದೊಡ್ಡ ಎಸ್ಟೇಟಿನ ಯಜಮಾನರದು, ಊರವರ ಬಾಯಲ್ಲಿ ಸಾಹುಕಾರರದು.

ಊರಾಚೆ ರಸ್ತೆ ಬದಿಯಲ್ಲಿ ಅವರದೊಂದು ಹಳೆಯ ಕಾಫಿ ಗೋಡೌನ್ ಇತ್ತು. ಅದೇ ನಮ್ಮ ರಂಗಮಂದಿರ. ಮಾಡಿಗೆ ತಗಡು, ಗೋಡೆಗೆ ಸುಣ್ಣ, ಒಳಗೆ ಎಷ್ಟು ಗುಡಿಸಿದರೂ ಹೋಗದ ಕಾಫಿಸಿಪ್ಪೆಯ ಕಮಟು. ಬಹಳ ಹಿಂದೆ ಯಾವುದೋ ನಾಟಕ ನೋಡಿ ಖುಷಿಯಾಗಿ ಸಾಹುಕಾರರು ಬೀಗದ ಕೈ ತೆಗೆದು ಅಣ್ಣನ ಅಂಗೈಗೆ ಹಾಕಿದ್ದರಂತೆ, "ಇಟ್ಕೋ ಮಾರಾಯ. ನಂಗೆ ಬೇಕಾದಾಗ ಕೇಳ್ತೀನಿ" ಎಂದು. ಕಾಗದ ಇಲ್ಲ, ಬಾಡಿಗೆ ಇಲ್ಲ. ಅವರು ಬದುಕಿರುವವರೆಗೂ ಕೇಳಲಿಲ್ಲ.

ಹಾಗೆಂದು ಅವರೇನು ದೇವರಂಥವರು ಎಂದು ನಾನು ಬರೆಯುವುದಿಲ್ಲ. ಒಂದು ವರ್ಷದ ನಾಟಕದಲ್ಲಿ ಕುಡಿದು ಆಳುಗಳನ್ನು ಹೊಡೆಯುವ ಒಬ್ಬ ತೋಟದ ಯಜಮಾನನಿದ್ದ. ರಿಹರ್ಸಲ್ ನೋಡಲು ಬಂದ ಸಾಹುಕಾರರು ಎಲ್ಲ ಕೇಳಿ, ಮೀಸೆ ತಿರುವಿ, "ಚೆನ್ನಾಗಿದೆ. ಇವ್ನನ್ನ ಕಂಟ್ರಾಕ್ಟರ್ ಮಾಡ್ಬಿಡಿ" ಎಂದರು. ಮಾಡಿದೆವು. ಇನ್ನೊಂದು ವರ್ಷ ಕಾಫಿ ಬೆಳೆಗಾರರ ಕಷ್ಟದ ಬಗ್ಗೆ ನಾನೊಂದು ಉದ್ದ ಮಾತು ಹೇಳಬೇಕಾಯಿತು, ಅದೂ ವಿಧವೆ ತಾಯಿಯ ಪಾತ್ರದಲ್ಲಿ, ಮಗ ಸತ್ತ ದೃಶ್ಯದ ನಡುವೆ. ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು. ಇಷ್ಟೆಲ್ಲ ಮಾಡಿಸಿದ ಮನುಷ್ಯ, ಶಾಲು ಹೊದ್ದು ಮುಂದಿನ ಬೆತ್ತದ ಕುರ್ಚಿಯಲ್ಲಿ ಕೂತವರು ಮೊದಲ ದೃಶ್ಯ ಮುಗಿಯುವುದರೊಳಗೆ ಗೊರಕೆ ಹೊಡೆಯುತ್ತಿದ್ದರು. ಅವರ ಗೊರಕೆಗೆ ಮಾತು ಹೊಂದಿಸಿಕೊಂಡು ನಟಿಸುವುದು ನಮಗೆಲ್ಲ ರೂಢಿಯಾಗಿತ್ತು.

ಚಾಪೆಯ ಮೇಲೆ ಕೂರುವವರು ಮಾತ್ರ ನಿದ್ದೆ ಮಾಡುತ್ತಿರಲಿಲ್ಲ. ಅವರಲ್ಲಿ ಗೋಣಿಬೀಡಿನ ಅಮ್ಮ ಒಬ್ಬರು. ಗಂಡನಿಲ್ಲದ ಹೆಂಗಸು, ಒಂದು ಅಂಗೈಯಗಲದ ತೋಟ. ಅವರ ಮೂಟೆ ತರಲು ಜೀಪು ಹೋಗಬೇಕಾಗಿರಲಿಲ್ಲ. ತಾವೇ ಬಸ್ಸಿಗೆ ಹಾಕಿಕೊಂಡು, ಲಗೇಜಿನ ಬಗ್ಗೆ ಕಂಡಕ್ಟರನ ಜೊತೆ ಮೂಡಿಗೆರೆ ಬರುವವರೆಗೂ ಜಗಳಾಡಿಕೊಂಡು, ಅಂಗಡಿಯ ಮುಂದೆ ಇಳಿಸುತ್ತಿದ್ದರು. ನಾಟಕದ ದಿನ ಚಾಪೆಯ ಮುಂದಿನ ಅಂಚಿಗೇ ಕೂತು, ನಗುವಲ್ಲಿ ತೊಡೆ ತಟ್ಟಿ ನಕ್ಕು, ಅಳುವಲ್ಲಿ ಸೆರಗು ಒದ್ದೆ ಮಾಡಿಕೊಂಡು, ನಡುನಡುವೆ "ಅಯ್ಯೋ ಅವ್ನನ್ನ ನಂಬಬ್ಯಾಡ್ವೇ" ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಅವರಿಗೂ ಶಾಲು ಸಿಗುತ್ತಿತ್ತು. ಕೊನೆಯಲ್ಲಿ, ತಟ್ಟೆಯಲ್ಲಿ ಒಂದು ಉಳಿದಿದ್ದರೆ.

ಆಮೇಲೆ ಕಾಫಿಗೆ ಬೆಲೆ ಬಿದ್ದ ವರ್ಷಗಳು ಬಂದವು. ಬೆಲೆ ಬಿದ್ದದ್ದು ಸಾಲದೆಂದು ಮಳೆ ಬಿಡದೆ ಹೊಡೆದು ಕಾಯಿ ಉದುರಿತು, ಕೊಯ್ಯಲು ಆಳು ಸಿಗಲಿಲ್ಲ. ಕಷ್ಟವಿದ್ದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಷ್ಟ ಬಂದಾಗ ಮನುಷ್ಯ ಮೊದಲು ಏನನ್ನು ಕೈಬಿಡುತ್ತಾನೆ ಎನ್ನುವುದನ್ನು ಆ ವರ್ಷಗಳಲ್ಲಿ ಜಗಲಿಯಿಂದ ಜಗಲಿಗೆ ಹತ್ತಿಳಿದು ನೋಡಿದೆ. ಒಬ್ಬರು ಕಾಂಡಕೊರಕ ಹುಳದ ಬಗ್ಗೆ ಕಣ್ಣೀರು ಹಾಕಿದರು. ಅವರ ಶೆಡ್ಡಿನಲ್ಲಿ ನಿಂತ ಹೊಸ ಜೀಪಿನ ಸೀಟಿಗೆ ಹಾಕಿದ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಇನ್ನೊಬ್ಬರು, "ನಮ್ಮದೇ ನಾಟಕ ಆಗೋಗಿದೆ ಅಣ್ಣಾ ಈ ವರ್ಷ" ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಮತ್ತೊಂದು ಮನೆಯಲ್ಲಿ ಓದಿಕೊಂಡ ಹುಡುಗನೊಬ್ಬ ನಮ್ಮನ್ನು ಕೂರಿಸಿಕೊಂಡು, ಕಂಪನಿಗಳ ಹತ್ತಿರ ಹೋಗಿ, ಆನ್‌ಲೈನಲ್ಲಿ ಫಂಡ್ ರೈಸ್ ಮಾಡಿ, ಒಂದು ವಿಡಿಯೋ ಹಾಕಿ ಎಂದು ಅರ್ಧ ದಿನ ಉಪದೇಶ ಮಾಡಿದ. ಉಪದೇಶಕ್ಕೆ ಯಾವ ವರ್ಷವೂ ಬೆಲೆ ಬೀಳುವುದಿಲ್ಲ. ಅಣ್ಣ ಎಲ್ಲರ ಮನೆಯಲ್ಲೂ ಮಳೆಯ ಇಂಚು ಕೇಳಿದರು, ಕಾಫಿ ಕುಡಿದರು, ಮೆಟ್ಟಿಲಿಳಿಯುವಾಗ ಅದೇ ಮಾತು ಹೇಳಿದರು. ಆದರೆ ದನಿ ಮೊದಲಿನ ಹಾಗಿರಲಿಲ್ಲ.

ಅಂಥದೊಂದು ವರ್ಷದ ಮಳೆಗಾಲದಲ್ಲಿ ಸಾಹುಕಾರರು ತೀರಿಕೊಂಡರು. ತೋಟ, ಮನೆ, ಗೋಡೌನ್ ಎಲ್ಲ ಮಗನ ಕೈಗೆ ಬಂದವು. ನಾವು ಅವರನ್ನು ಸಣ್ಣ ಸಾಹುಕಾರರು ಎನ್ನುತ್ತಿದ್ದೆವು. ಮಾತು ನಯ, ನಡತೆ ನಯ, ಹಿರಿಯರನ್ನು ಕಂಡರೆ ಎದ್ದು ನಿಲ್ಲುವವರು. ಮೂಟೆ ಮಾತ್ರ ಬರಲಿಲ್ಲ. "ಗೋಡೌನ್ ಕೊಟ್ಟಿದೀವಲ್ಲ ಅಣ್ಣಾ, ಅದೂ ಒಂದು ಮೂಟೆ ಅಂತ ತಿಳ್ಕೊಳ್ಳಿ" ಎಂದರಂತೆ. ಬೇರೆ ಎಸ್ಟೇಟುಗಳಿಂದ ಅರ್ಧ ಮೂಟೆ, ಕಾಲು ಮೂಟೆ, ಕೆಲವರಿಂದ ಕಪ್ಪುಕಾಳಿನ ಕಸ. ಎಷ್ಟೋ ವರ್ಷಗಳಿಂದ ಕೊಡುತ್ತಿದ್ದವರು ಬೆಲೆ ಬಿದ್ದದ್ದೇ ಸಾಕೆಂಬಂತೆ ಕೈತೊಳೆದುಕೊಂಡರು.

ತುಂಬಿದ ಮೂಟೆ ಎಂದು ಬಂದದ್ದು ಗೋಣಿಬೀಡಿನ ಬಸ್ಸಿನಿಂದ ಮಾತ್ರ. ಅವತ್ತು ನಾನು ಅಂಗಡಿಯಲ್ಲೇ ಇದ್ದೆ. ಅಣ್ಣ ಮೂಟೆಯನ್ನೂ ಅಮ್ಮನನ್ನೂ ನೋಡಿ, "ಈ ವರ್ಷ ಯಾಕಮ್ಮಾ ಇಷ್ಟು..." ಎಂದು ತಡವರಿಸಿದರು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ರೇಟು ಬಿತ್ತು ಅಂತ ಗಿಡ ಹಣ್ಣು ಬಿಡೋದು ನಿಲ್ಸೈತಾ ಅಣ್ಣಾ? ನಮ್ಗೂ ವರ್ಷಕ್ಕೊಂದ್ಸಲ ನಗೋದು ಬ್ಯಾಡ್ವಾ?"

ಅಣ್ಣ ಮೂಟೆಯ ಬಾಯಿಗೆ ಹೊಲಿದ ದಾರವನ್ನು ಸುಮ್ಮನೆ ಸವರುತ್ತಾ ನಿಂತಿದ್ದರು. ಅವರ ತಲೆಯಲ್ಲಿ ಏನು ಓಡುತ್ತಿತ್ತೆಂದು ನನಗೆ ಗೊತ್ತಾದದ್ದು ನಾಟಕದ ದಿನ.

ನಿರೂಪಣೆ ಯಾವಾಗಲೂ ನನ್ನದೇ. ಸೀರೆ ಉಟ್ಟು, ಮೈಕ್ ಹಿಡಿದು, ವಾಡಿಕೆಯಂತೆ "ಮೊದಲನೆಯದಾಗಿ, ಈ ರಂಗಮಂದಿರವನ್ನು ದಯಪಾಲಿಸಿದ..." ಎಂದು ಶುರು ಮಾಡಿದ್ದೆ. ಸಣ್ಣ ಸಾಹುಕಾರರು ಅಪ್ಪನ ಬೆತ್ತದ ಕುರ್ಚಿಯಿಂದ ಅರ್ಧ ಎದ್ದೂ ಆಗಿತ್ತು. ಅಣ್ಣ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. "ಗೋಣಿಬೀಡಿನ ಅಮ್ಮ ಸ್ಟೇಜಿಗೆ ಬರ್ಬೇಕು" ಎಂದರು.

ಆ ಅಮ್ಮ ಏನೋ ತಪ್ಪಾಯಿತೆಂದು ಹೆದರಿಕೊಂಡೇ ಬಂದರು. ಚಪ್ಪಲಿ ಕೆಳಗೇ ಬಿಟ್ಟು, ಸೀರೆಗೆ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದರು. ಅಣ್ಣ ತಟ್ಟೆಯ ಮೇಲಿನ ಶಾಲು ತೆಗೆದು, ಕೊಡವಿ, ಎರಡೂ ಹೆಗಲು ಮುಚ್ಚುವ ಹಾಗೆ ಹೊದೆಸಿದರು. ಹಿಂದಿನಿಂದ ಶಿಳ್ಳೆ, ಚಪ್ಪಾಳೆ. ಮುಂದಿನ ಕುರ್ಚಿಗಳಿಂದಲೂ ಚಪ್ಪಾಳೆ ಬಂತು, ಒದ್ದೆ ಬಟ್ಟೆ ಕೊಡವಿದ ಹಾಗೆ. ನಾನು ಮುಂದಿನ ಸಾಲಿನತ್ತ ನೋಡಿದೆ. ಸಣ್ಣ ಸಾಹುಕಾರರು ನಗುತ್ತಿದ್ದರು.

ಎರಡನೆಯ ಶಾಲು ಅವರಿಗೆ. ನಗುತ್ತಲೇ ಬಂದರು, ನಗುತ್ತಲೇ ಹೊದೆಸಿಕೊಂಡರು, ಎರಡು ಒಳ್ಳೆಯ ಮಾತನ್ನೂ ಆಡಿದರು. ಮಾರನೆಯ ದಿನ ಗೋಡೌನ್ ಗುಡಿಸಲು ಹೋದಾಗ ಬೆತ್ತದ ಕುರ್ಚಿಯ ಮೇಲೆ ಆ ಶಾಲು ಇತ್ತು. ನೀಟಾಗಿ ಮಡಿಸಿ ಇಟ್ಟಿದ್ದರು. ಮರೆತು ಬಿಟ್ಟುಹೋದ ಶಾಲನ್ನು ಯಾರೂ ಅಷ್ಟು ನೀಟಾಗಿ ಮಡಿಸುವುದಿಲ್ಲ.

ವಾರ ಕಳೆಯುವುದರೊಳಗೆ ಅವರ ಎಸ್ಟೇಟಿನ ರೈಟರ್ ಬಂದು ಬೀಗದ ಕೈ ಕೇಳಿದ. ಗೋಡೌನ್ ರಿಪೇರಿಯಂತೆ. ಅವನೂ ನಮ್ಮ ತಂಡದವನೇ, ಆ ವರ್ಷದ ನಾಟಕದಲ್ಲಿ ನನ್ನ ಮಗನ ಪಾರ್ಟು ಮಾಡಿದವನು. ನನ್ನ ಮುಖ ನೋಡಲಾರದೆ ಬಾಗಿಲ ಚಿಲಕ ನೋಡುತ್ತಾ ಮಾತಾಡಿದ. ಪರದೆ, ಪೆಟ್ಟಿಗೆ, ಮರದ ಸಿಂಹಾಸನ, ಎಲ್ಲವನ್ನೂ ಅಂಗಡಿಯ ಹಿಂದಿನ ಕೋಣೆಗೆ ಸಾಗಿಸಿದೆವು.

ಅಲ್ಲೇ ತಂಡದ ಸಭೆಯೂ ಆಯಿತು. ಸಭೆಯೇನು, ಅಣ್ಣನನ್ನು ಕೂರಿಸಿಕೊಂಡು ಎಲ್ಲರೂ ಉಗಿದದ್ದು. "ಒಂದು ಶಾಲಿಗೋಸ್ಕರ ಸೂರು ಕಳ್ಕೊಂಡ್ವಲ್ಲ ಅಣ್ಣಾ" ಎಂದ ಪೋಸ್ಟ್‌ಮ್ಯಾನ್. ಅಮ್ಮನಿಗೆ ಎರಡನೇ ಶಾಲು ಹೊದೆಸಿದ್ದರೆ ಅವರೇನು ಅಳುತ್ತಿದ್ದರೇ ಎಂದ ಇನ್ನೊಬ್ಬ. ಅದೂ ಸುಳ್ಳಲ್ಲ. ಅವರಿಗೆ ಕೊನೆಯ ಶಾಲು ಕೊಟ್ಟರೂ, ಕೊಡದಿದ್ದರೂ, ಮುಂದಿನ ವರ್ಷ ಮೂಟೆ ಬರುತ್ತಿತ್ತು. ಸಣ್ಣ ಸಾಹುಕಾರರಿಗೆ ಮೊದಲನೆಯದು ಸಿಗದಿದ್ದರೆ ಬೀಗ ಬೀಳುತ್ತಿತ್ತು. ದಾನ ಕೇಳುವವರು ಯಾರಿಗೆ ಮೊದಲು ತಲೆಬಾಗಬೇಕು ಎಂಬ ಲೆಕ್ಕ ಚಿಕ್ಕ ಮಕ್ಕಳಿಗೂ ತಿಳಿಯುವಂಥದ್ದು. ಹುಟ್ಟಿದಾಗಿನಿಂದ ಅದೇ ಲೆಕ್ಕ ಮಾಡಿಕೊಂಡು ಬಂದ ಮನುಷ್ಯನಿಗೆ ಅವತ್ತೊಂದು ದಿನ ಆ ಲೆಕ್ಕ ಸಾಕಾಗಿಹೋಗಿತ್ತು. ನನಗೆ ಈಗಲೂ ಅದು ತಪ್ಪು ಎನ್ನಿಸುವುದಿಲ್ಲ. ಸಭೆಯಲ್ಲೂ ಹಾಗೇ ಹೇಳಿದೆ. ಒಬ್ಬರೂ ಹೂಂಗುಟ್ಟಲಿಲ್ಲ.

ಕೊನೆಗೆ ಎಲ್ಲರ ಒತ್ತಾಯಕ್ಕೆ ಅಣ್ಣ ಸಣ್ಣ ಸಾಹುಕಾರರ ಮನೆಗೆ ಹೊರಟರು. ನಾನೂ ಹೋದೆ. ಜಗಲಿಯಲ್ಲಿ ಕೂರಿಸಿ ಕಾಫಿ ತರಿಸಿದರು, ನಯಕ್ಕೇನೂ ಕೊರತೆಯಿಲ್ಲ. "ಅಯ್ಯೋ, ಶಾಲಿಗೆಲ್ಲ ಯಾರಾದ್ರೂ ಬೇಜಾರ್ ಮಾಡ್ಕೊಳ್ತಾರಾ ಅಣ್ಣಾ? ನೀವು ಹಿರಿಯರು. ಜಾಗ ನಮ್ಗೆ ಬೇಕಾಗಿದೆ, ಅಷ್ಟೆ" ಎಂದರು. ಅಣ್ಣ ಆವತ್ತು ಮಳೆಯ ಇಂಚು ಕೇಳಲಿಲ್ಲ. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದವರು ತಲೆ ಎತ್ತದೆ, "ಸಣ್ಣ ಸಾವ್ಕಾರ್ರೇ, ಒಂದು ವರ್ಷದ ಮಟ್ಟಿಗೆ ಕೊಡಿ" ಎಂದರು.

ಕೊಡಿ. ಅವರ ಬಾಯಲ್ಲಿ ನಾನು ಆ ಶಬ್ದ ಕೇಳಿದ್ದು ಅದೇ ಮೊದಲು. ನನಗೆ ಎದ್ದು ಹೊರಗೆ ಹೋಗಿಬಿಡಬೇಕು ಎನ್ನಿಸಿತು. ಸಣ್ಣ ಸಾಹುಕಾರರು ಫೋನ್ ನೋಡಿಕೊಂಡು, "ನೋಡೋಣ" ಎಂದರು. ನಮ್ಮ ಕಡೆ ನೋಡೋಣ ಎಂದರೆ ಆಗುವುದಿಲ್ಲ ಎಂದು ಅರ್ಥ. ಅಣ್ಣನ ಲೋಟದಲ್ಲಿ ಕಾಫಿ ಅರ್ಧ ಹಾಗೇ ಉಳಿದಿತ್ತು.

ಮುಂದಿನ ಕೊಯ್ಲಿಗೆ ಅಣ್ಣ ಯಾರ ಮನೆಗೂ ಹೋಗಲಿಲ್ಲ. ಮೂಟೆಗಳೂ ಬರಲಿಲ್ಲ, ಎಲ್ಲರಿಗೂ ಸುದ್ದಿ ಮುಟ್ಟಿತ್ತು. ಹೇಳಲು ನಾವು ಮರೆತದ್ದು ಒಬ್ಬರಿಗೆ ಮಾತ್ರ. ಒಂದು ಮಧ್ಯಾಹ್ನ ಗೋಣಿಬೀಡಿನ ಬಸ್ಸು ಬಂತು, ಕಂಡಕ್ಟರನ ಜೊತೆ ಜಗಳದ ಸದ್ದು ಕೇಳಿತು, ಅಂಗಡಿಯ ಮುಂದೆ ಮೂಟೆ ಇಳಿಯಿತು. ಅಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತರು. ಈ ವರ್ಷ ನಾಟಕ ಇಲ್ಲ, ಇದನ್ನು ವಾಪಸ್ ತೆಗೆದುಕೊಂಡು ಹೋಗಿ ಎಂದರೆ ಆಗುತ್ತಿತ್ತು. ಆ ಹೆಂಗಸು ಕೂತು, ನೀರು ಕುಡಿದು, "ಯಾವತ್ತು ಇಟ್ಕೊಂಡೀರಿ ಅಣ್ಣಾ?" ಎಂದು ಕೇಳಿದರು. ಮೈಮೇಲೆ ಅದೇ ಶಾಲು. ಅಣ್ಣ ನನ್ನತ್ತ ನೋಡಿದರು, ಮೂಟೆಯತ್ತ ನೋಡಿದರು, ಆಮೇಲೆ, "ಹೇಳಿ ಕಳಿಸ್ತೇನಮ್ಮ. ಮುಂದಿನ ಮೂಟೆ ನಾ ಹೇಳೋ ತನಕ ಮನೇಲೇ ಇಟ್ಕೊಂಡಿರಿ" ಎಂದರು.

ಆಡಿದ ಮಾತಿಗೆ ತಪ್ಪಬಾರದೆಂದು ನಾಟಕ ಮಾಡಲು ಒದ್ದಾಡಿದರು. ಅಂಗಡಿಯ ಹಿಂದಿನ ಕೋಣೆಯಲ್ಲೇ ರಿಹರ್ಸಲ್ ಎಂದರು, ಆ ಅಮ್ಮನ ಕಣದಲ್ಲೇ ಆಡೋಣ ಎಂದರು. ರೈಟರ್ ಬರಲಿಲ್ಲ, ಅವನ ಅನ್ನ ಸಣ್ಣ ಸಾಹುಕಾರರ ಮನೆಯಲ್ಲಿತ್ತು. ಲಾರಿಯವನಿಗೆ ಬಾಡಿಗೆ ಸಿಗುವುದು ಅದೇ ಎಸ್ಟೇಟುಗಳಿಂದ. ಪೋಸ್ಟ್‌ಮ್ಯಾನ್‌ಗೆ ಮುನಿಸು. ಕೊನೆಗೆ ಕೋಣೆಯಲ್ಲಿ ಉಳಿದವರು ನಾನು, ಅಣ್ಣ, ಆ ಮೂಟೆ. ಒಬ್ಬ ನಟಿ, ಒಬ್ಬ ಕಾರ್ಯದರ್ಶಿ ಕೂಡಿದರೆ ನಾಟಕ ಆಗುವುದಿಲ್ಲ.

ಮೂಟೆ ಅಲ್ಲೇ ಉಳಿಯಿತು. ಮಳೆಗಾಲ ಹಿಡಿಯಿತು. ಚೆರ್ರಿ ಒದ್ದೆ ಗಾಳಿ ಕುಡಿದು ಮುಗ್ಗಿತು, ಆ ವಾಸನೆ ಹೊಸ ಬಟ್ಟೆಗಳಿಗೂ ಹತ್ತಿಕೊಂಡಿತು. ಅದನ್ನು ಮುಚ್ಚಲು ಅಣ್ಣ ಕಪಾಟುಗಳ ತುಂಬ ನುಸಿಗುಳಿಗೆ ಸುರಿದರು, ಎರಡೂ ಕೂಡಿ ಒಳಗೆ ಕಾಲಿಡುವುದೇ ಕಷ್ಟವಾಯಿತು. ಗಿರಾಕಿಗಳು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಎದುರಿನ ಹೊಸ ಶೋರೂಮಿಗೆ ಹೋದರು. ಮಾರಿಬಿಡಿ, ದುಡ್ಡನ್ನು ತಂಡದ ಖಾತೆಗೆ ಹಾಕಿ ಎಂದು ನಾನು ಎಷ್ಟು ಸಲ ಹೇಳಿದೆನೋ. "ನಾಟಕ ಆಡ್ದೆ ಮಾರೋಕೆ ಅದು ನಂದಾ ಟೀಚರ್?" ಎಂದರು. ಹಾಗಾದರೆ ವಾಪಸ್ ಕೊಡಿ ಎಂದೆ. "ಕೊಡೋಕೆ ಹೋದ್ರೆ ನಾಟಕ ಇಲ್ಲ ಅಂತ ಹೇಳ್ಬೇಕಲ್ಲ..." ಎಂದರು.

ಬೀಗ ಬಿದ್ದದ್ದಕ್ಕಿಂತ ಇದೇ ಅವರನ್ನು ಹೆಚ್ಚು ತಿಂದಿತು. ಕೊಡುವವರು ಕೊಡದೆ ಹೋದದ್ದನ್ನು ಅವರು ತಡೆದುಕೊಂಡರು. ಒಬ್ಬರು ಕೊಟ್ಟದ್ದಕ್ಕೆ ಲಾಯಕ್ಕಾಗದೆ ಹೋದೆವಲ್ಲ ಎನ್ನುವುದನ್ನು ತಡೆದುಕೊಳ್ಳಲಿಲ್ಲ. ನಂತರದ ಇನ್ನೊಂದು ಮಳೆಗಾಲವನ್ನು ಅವರು ದಾಟಲಿಲ್ಲ.

ಅವರ ದೇಹಕ್ಕೆ ವಿಭೂತಿ ಬಳಿದು ಕೂರಿಸಿದ್ದರು. ಊರಿನವರೆಲ್ಲ ಬಂದಿದ್ದರು, ಮೂಟೆ ನಿಲ್ಲಿಸಿದವರೂ ಬಂದಿದ್ದರು. ಸಣ್ಣ ಸಾಹುಕಾರರು ಬಂದು ದೊಡ್ಡ ಹಾರದ ಜೊತೆ ಒಂದು ರೇಷ್ಮೆ ಶಾಲು ಹೊದೆಸಿ ಕೈಮುಗಿದರು. ಬದುಕಿದ್ದಾಗ ಅಣ್ಣ ಹೊದೆಸಿದ್ದನ್ನು ಕುರ್ಚಿಯ ಮೇಲೆ ಮಡಿಸಿಟ್ಟು ಹೋದವರು ಸತ್ತಮೇಲೆ ತಾವೊಂದು ತಂದು ಹೊದೆಸಿದರು ಎಂದುಕೊಂಡೆ. ಯಾರೋ ಫೋಟೋ ತೆಗೆದರು. ಗೋಣಿಬೀಡಿನ ಅಮ್ಮ ಗೋಡೆಗೊರಗಿ ನಿಂತಿದ್ದವರು ಯಾರನ್ನೂ ಏನನ್ನೂ ಕೇಳದೆ ಹೊರಟುಹೋದರು. ಅಂಗಡಿ ಖಾಲಿ ಮಾಡುವಾಗ ಅಣ್ಣನ ಮಗ ಆ ಮೂಟೆಯನ್ನು ಹಿತ್ತಿಲಿಗೆ ಎಳೆದು ಸುರಿದ. ಕಾಳೆಲ್ಲ ಕಪ್ಪುಗಟ್ಟಿ ಹೆಂಟೆಯಾಗಿತ್ತು.

ಈಗ ಕಾಫಿಗೆ ಯಾರೂ ಕಂಡುಕೇಳರಿಯದ ಬೆಲೆ ಬಂದಿದೆ. ತೋಟದ ಮನೆಗಳಿಗೆ ಹೊಸ ಬಣ್ಣ, ಹೊಸ ಗೇಟು, ಒಳಗೆ ಎರಡೆರಡು ಕಾರು. ಬೆಲೆ ಬಿದ್ದಿದೆ ಎಂದು ನಿಂತ ನಾಟಕದ ಮೂಟೆ, ಬೆಲೆ ಏರಿದೆ ಎಂದು ಮತ್ತೆ ಶುರುವಾಗಲಿಲ್ಲ. ಬರಗಾಲದಲ್ಲಿ ಕಲಿತ ಜಿಪುಣತನ ಸುಭಿಕ್ಷದಲ್ಲಿ ಇನ್ನಷ್ಟು ಚೆನ್ನಾಗಿ ಬೇರು ಬಿಡುತ್ತದೆ. ಗೋಡೌನ್ ಮಾತ್ರ ರಿಪೇರಿಯಾಗಿದೆ. ಹೆಂಚು ಹೊದಿಸಿ, ಗಾಜು ಹಾಕಿ, ಸಣ್ಣ ಸಾಹುಕಾರರು ಅಪ್ಪನ ನೆನಪಿಗೆಂದು ಕಲಾಮಂದಿರ ಮಾಡಿದ್ದಾರೆ. ಪಕ್ಕದಲ್ಲೇ ಅವರು ಕಟ್ಟಿಸಿದ ರೆಸಾರ್ಟಿಗೆ ಬರುವ ಪ್ರವಾಸಿಗರಿಗೆ ಅಲ್ಲಿ ಊಟದ ಮುಂಚೆ ಸ್ವಲ್ಪ ಕುಣಿತ, ಸ್ವಲ್ಪ ಹಾಡು. ನಿನ್ನೆ ಅದರ ವಾರ್ಷಿಕೋತ್ಸವ. ನಿವೃತ್ತಳಾಗಿ ಚಿಕ್ಕಮಗಳೂರಿನಲ್ಲಿ ಕೂತಿರುವ ನನ್ನನ್ನು ಹಿರಿಯ ರಂಗಕಲಾವಿದೆ ಎಂದು ಕರೆದರು. ಹೋದೆ. ಒಮ್ಮೆ ಆ ಜಾಗದಲ್ಲಿ ನಿಲ್ಲಬೇಕೆನ್ನಿಸಿತು, ಅಷ್ಟೇ. ಕಾಫಿಸಿಪ್ಪೆಯ ಕಮಟು ಹೋಗಿ ರೂಮ್ ಫ್ರೆಶ್ನರಿನ ವಾಸನೆ ತುಂಬಿತ್ತು. ಭಾಷಣಗಳಲ್ಲಿ ಸಾಹುಕಾರರ ಹೆಸರು ಬಂತು, ಸಣ್ಣ ಸಾಹುಕಾರರ ಕಲಾಪ್ರೇಮ ಬಂತು. ಅಂಗಡಿ ಅಣ್ಣನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ಮೈಕ್ ನನಗೆ ಕೊಟ್ಟರೆ ನಾನು ಹೇಳುತ್ತಿದ್ದೆ. ಕೊಡಲಿಲ್ಲ. ಮೊದಲನೇ ಶಾಲು ರೆಸಾರ್ಟಿಗೆ ಸಾಲ ಕೊಟ್ಟ ಬ್ಯಾಂಕಿನವರಿಗೆ. ನನ್ನದು ಕೊನೆಗೆ ಬಂತು.

ಕವರ್ ಹಿಡಿದುಕೊಂಡು ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಮಗಳೂರಿನ ಬಸ್ಸಿಗೆ ಕಾಯುತ್ತಿದ್ದೆ. ಯಾರೋ ತೋಳು ಹಿಡಿದು, "ಟೀಚರಮ್ಮ ಅಲ್ವಾ?" ಎಂದರು. ಗೋಣಿಬೀಡಿನ ಅಮ್ಮ. ಬೆನ್ನು ಬಾಗಿದೆ, ಹಲ್ಲಿಲ್ಲ. ಮೈಮೇಲೆ ಆ ಶಾಲು ಬಣ್ಣ ಹೋಗಿ ಬೂದಿಯಂತಾಗಿದೆ, ಅಂಚು ಹರಿದು ಹೊಲಿಗೆ ಹಾಕಿದ್ದಾರೆ. ಕ್ಷೇಮಸಮಾಚಾರ ಆಯಿತು. ಮಂಡಿನೋವು ಕ್ಷೇಮವಾಗಿದೆಯಂತೆ, ಉಳಿದದ್ದೇನೂ ಇಲ್ಲವಂತೆ. ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು.

"ಈ ಸಲ ನಾಟಕ ಐತಾ ಟೀಚರಮ್ಮ? ರೇಟು ಚೆನ್ನಾಗೈತೆ, ಎರಡು ಮೂಟೆ ತೆಗ್ದಿಟ್ಟಿದೀನಿ."

ನನ್ನ ಕೈಯಲ್ಲಿ ಆ ಕವರ್. ನೋಡೋಣ ಎನ್ನಬಹುದಿತ್ತು. ಹೇಳಿ ಕಳಿಸುತ್ತೇನೆ ಎನ್ನಬಹುದಿತ್ತು. ವಯಸ್ಸಾದ ಜೀವ, ಇನ್ನೂ ಎಷ್ಟು ಕೊಯ್ಲು ಕಾಯಬೇಕು ಅವರು ಎನ್ನಿಸಿತು.

"ಇಲ್ಲ ಕಣಮ್ಮ" ಎಂದೆ. "ಇನ್ನು ನಾಟಕ ಇಲ್ಲ."

ಅವರು ನನ್ನ ತೋಳು ಬಿಟ್ಟರು. ಶಾಲಿನ ಹೊಲಿಗೆಯನ್ನು ಉಗುರಿನಿಂದ ಕೆರೆಯುತ್ತಾ ನಿಂತು, "ಅಣ್ಣ ಹಂಗೆ ಹೇಳಿರ್ಲಿಲ್ಲ ನಂಗೆ" ಎಂದರು. ಅವರ ಬಸ್ಸು ಬಂತು. ಕಂಡಕ್ಟರ್ ಕೈ ಹಿಡಿದು ಹತ್ತಿಸಿಕೊಂಡ. ಈ ಸಲ ಜಗಳಕ್ಕೆ ಲಗೇಜಿರಲಿಲ್ಲ.

ವ್ಯಾಪಾರವನ್ನೂ ಆರೋಗ್ಯವನ್ನೂ ಹಾಳುಮಾಡಿಕೊಂಡರೂ ಅಂಗಡಿ ಅಣ್ಣ ಆಡದೆ ನುಂಗಿಕೊಂಡಿದ್ದ ಒಂದು ಮಾತು ಅದು. ಅದನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡು ಒಂದು ಉಸಿರಿಗೆ ಆಡಿ ಬಂದೆ. ಗೋಡೌನಿಗೆ ಬೀಗ ಬಿದ್ದು ಎಷ್ಟೋ ಕಾಲವಾಯಿತು. ನಮ್ಮ ತಂಡ ಮುಚ್ಚಿದ್ದು ನಿನ್ನೆ.